ಗಿಳಿ ಹಿಡಿದ ಬುಗುರಿ

ಲಕ್ಷ್ಮಯ್ಯನ ಮುತ್ತಾತ ಮುದ್ದಯ್ಯ ದೊಡ್ಡಬಳ್ಳಾಪುರದ ತನ್ನ ಬೀದಿಗೆ ಮಗ್ಗದಲ್ಲಿ ಚಿತ್ತಾರ ಮೂಡಿಸುವ ಜಕಾರ್ಡು ಯಂತ್ರವನ್ನು ಮೊದಲು ತಂದವನು. ಬೆಂಗಳೂರಿನಿಂದ ಎತ್ತಿನ ಗಾಡಿಯಲ್ಲಿ ಎರಡು ಹಗಲು, ಹಸುಗೂಸಿನಂತೆ ಗೋಣಿಯಲ್ಲಿ ಸುತ್ತಿ ತಂದ. ನಡುದಾರಿಯಲ್ಲಿ ಮಳೆ ಹೊಡೆದಾಗ ತನ್ನ ಕಂಬಳಿಯನ್ನು ಅದಕ್ಕೆ ಹೊದಿಸಿ ತಾನು ನೆನೆದ. ಅವನ ಸೊಸೆ ಅಮ್ಮಯಮ್ಮನಿಗೆ ಅಕ್ಷರ ಬಾರದು. ಆದರೆ ಎರಡು ಸಾವಿರ ಎಳೆಯ ಹಾಸಿನಲ್ಲಿ ಒಂದೆಳೆ ತಪ್ಪಿದರೂ ಬಾಗಿಲಲ್ಲಿ ನಿಂತೇ ಬೆರಳು ತೋರಿಸುತ್ತಿದ್ದಳು. ಅಮ್ಮಯಮ್ಮನ ಮಗ ನರಸಿಂಹಯ್ಯ ಅವರಿಬ್ಬರನ್ನೂ ಮೀರಿಸಿದವನು. ಒಂದು ಚುನಾವಣೆಯ ವರ್ಷ ಪೇಟೆಯ ವ್ಯಾಪಾರಿಯೊಬ್ಬ ಸೀರೆಗೆ ಹೂವಿನ ಅಂಚು ಎಂದು ಹೇಳಿ ನಮೂನೆ ಕೊಟ್ಟುಹೋಗಿದ್ದ. ನಾಲ್ಕು ಮೊಳ ನೆಯ್ದ ಮೇಲೆ ಬಟ್ಟೆಯನ್ನು ತಲೆಕೆಳಗು ಮಾಡಿ ನೋಡಿದರೆ ಹೂವೆಲ್ಲ ಒಂದು ಪಕ್ಷದ ಗುರುತು. ನರಸಿಂಹಯ್ಯ ಕತ್ತರಿ ತಂದು ಹಾಸನ್ನೇ ಕತ್ತರಿಸಿದ, ಉಳಿದ ನೂಲನ್ನು ವ್ಯಾಪಾರಿಯ ಗದ್ದುಗೆಯ ಮುಂದಿಟ್ಟು ಬಂದ. ಆ ತಿಂಗಳು ಮನೆಗೆಲ್ಲ ಅಂಬಲಿಯೇ ಗತಿಯಾಯಿತು. “ನೋಡೋರು ಸೀರೆ ಒಡಲು ನೋಡ್ತಾರೆ, ಕಳ್ಳ ಅಂಚಲ್ಲಿ ಬರ್ತಾನೆ” ಎಂಬುದು ಅವನು ಮಕ್ಕಳಿಗೆ ಬಿಟ್ಟುಹೋದ ಆಸ್ತಿ.

ಇಂಥವನ ಮಗನಾಗಿಯೂ ಲಕ್ಷ್ಮಯ್ಯ ಅಂಚಲ್ಲಿ ಬಂದ ಕಳ್ಳನನ್ನು ತಾನೇ ಕೈಹಿಡಿದು ಮನೆಯೊಳಕ್ಕೆ ಕರೆತಂದ.

ಲಕ್ಷ್ಮಯ್ಯನ ಕಸುಬು ಜಕಾರ್ಡಿನ ರಟ್ಟಿಗೆ ತೂತು ಹೊಡೆಯುವುದು. ಸೀರೆಯ ಚಿತ್ತಾರವನ್ನು ಮೊದಲು ಗ್ರಾಫ್ ಹಾಳೆಯ ಮೇಲೆ ಚೌಕ ಚೌಕವಾಗಿ ತುಂಬಬೇಕು. ಆಮೇಲೆ ಒಂದೊಂದು ಸಾಲಿಗೂ ಒಂದೊಂದು ರಟ್ಟಿನ ಪಟ್ಟಿ. ತೂತು ಇದ್ದಲ್ಲಿ ಮಗ್ಗದ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಮಲಗಿರುತ್ತದೆ. ಮೂರನೇ ಕ್ಲಾಸಿಗೇ ಸ್ಲೇಟು ಒಡೆದು ಶಾಲೆ ಬಿಟ್ಟುಬಂದ ಲಕ್ಷ್ಮಯ್ಯ ಯಾರೂ ಹೇಳಿಕೊಡದೆ ಇದನ್ನು ಕಲಿತಿದ್ದ. ಕಣ್ಣುಮುಚ್ಚಿ ರಟ್ಟಿನ ಮೇಲೆ ಬೆರಳಾಡಿಸಿ ಇದು ನವಿಲು, ಇದು ಮಾವು ಎನ್ನುತ್ತಿದ್ದ. ಈಗ ಆ ಕೆಲಸವನ್ನೆಲ್ಲ ಕಂಪ್ಯೂಟರು ನುಂಗಿದೆ. ಹಳೆಯ ಮಗ್ಗದವರು ಮಾತ್ರ ಹರಿದ ರಟ್ಟು ಹಿಡಿದುಕೊಂಡು ಎಪ್ಪತ್ತು ದಾಟಿದ ಅವನ ಬಾಗಿಲಿಗೆ ಬರುತ್ತಾರೆ.

ಅವನ ಮೊಮ್ಮಗಳು ರಂಜಿತಳಿಗೆ ಏಳು ವರ್ಷ. ತಾಯಿ, ಲಕ್ಷ್ಮಯ್ಯನ ಸೊಸೆ ಪ್ರಮೋದಾ, ಬಾಶೆಟ್ಟಿಹಳ್ಳಿಯ ಕಾರ್ಖಾನೆಯಿಂದ ಬರುವವರೆಗೂ ಮಗು ತಾತನ ಮಗ್ಗುಲಲ್ಲೇ ಇರುತ್ತಿತ್ತು. ಈ ತೂತು ಯಾಕೆ, ಆ ತೂತು ಯಾಕೆ, ನವಿಲಿಗೆ ಹಲ್ಲಿಲ್ಲ ಯಾಕೆ, ನಿನಗೂ ಇಲ್ಲ ಯಾಕೆ. ಅವಳ ‘ಯಾಕೆ’ಗೆ ಬೀದಿಯವರೆಲ್ಲ ಬೇಸತ್ತಿದ್ದರು. ಲಕ್ಷ್ಮಯ್ಯನಿಗೆ ಮಾತ್ರ ಅದು ಊಟದ ಮೇಲಿನ ಎಲೆ ಅಡಿಕೆಯಂತೆ, ಇಲ್ಲದಿದ್ದರೆ ದಿನ ಮುಗಿದಂತೆ ಅನಿಸುತ್ತಿರಲಿಲ್ಲ.

ಊರ ಕೇಬಲ್ ಚಾನೆಲ್ಲಿನಲ್ಲಿ ಸಂಜೆ ಆರಕ್ಕೆ ಮಕ್ಕಳ ಕಾರ್ಟೂನೊಂದು ಶುರುವಾಯಿತು. ಹೆಸರು ಗಿಳಿಯೂರು. ಹಸಿರು ಗಿಳಿಗಳ ಊರು, ಅದಕ್ಕೊಬ್ಬ ದೊಡ್ಡಗಿಳಿ, ಊರಾಚೆ ಕಾಗೆಗಳು. ರಂಜಿತ ಬಾಯಿಬಿಟ್ಟುಕೊಂಡು ನೋಡುತ್ತಿದ್ದಳು. ಯುಗಾದಿಯ ಲಂಗಕ್ಕೆ ಆ ದೊಡ್ಡಗಿಳಿಯ ಅಂಚೇ ಬೇಕೆಂದು ಹಠ ಹಿಡಿದಳು. ಲಕ್ಷ್ಮಯ್ಯ ಹಿಗ್ಗಿಹೋದ. ಗಿಳಿಯನ್ನು ಅದು ಇದ್ದಂತೆಯೇ, ಕಾಲಲ್ಲಿ ಹಿಡಿದ ಬುಗುರಿಯ ಸಮೇತ ಗ್ರಾಫಿಗಿಳಿಸಿ, ರಟ್ಟು ಹೊಡೆದು, ಪಕ್ಕದ ಮನೆಯ ಪಿಳ್ಳಪ್ಪನ ಮಗ್ಗಕ್ಕೆ ಕಟ್ಟಿ ಒಂದು ಗೇಣು ನೇಯಿಸಿದ. ಪಿಳ್ಳಪ್ಪ ಅವನ ಜೊತೆಯಲ್ಲೇ ಗೋಲಿಯಾಡಿ ಬೆಳೆದವನು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

“ಲೇ ಲಕ್ಷ್ಮಯ್ಯ, ಯಾವಾಗ್ಲಾ ಪಾರ್ಟಿ ಸೇರ್ದೆ? ನಂಗೊಂದು ಮಾತು ಹೇಳ್ಬಾರ್ದಿತ್ತಾ?”

ಎದುರು ಗೋಡೆಯ ಮೇಲೆ ಬರಲಿರುವ ಚುನಾವಣೆಗೆ ಪಕ್ಷವೊಂದರ ಭಿತ್ತಿಪತ್ರ ಅಂಟಿಸಿದ್ದರು. ಅದರಲ್ಲೂ ಅದೇ ಬುಗುರಿ. ಅದೇ ಮೂರು ಕೆಂಪು ಗೆರೆ, ಅದೇ ವಾರೆ ನಿಲುವು. ಮಕ್ಕಳ ಆಟದ ಸಾಮಾನು ಎಂದು ಲಕ್ಷ್ಮಯ್ಯ ಒಂದೊಂದು ಚೌಕವನ್ನೂ ಪ್ರೀತಿಯಿಂದ ತುಂಬಿದ್ದ.

ಇನ್ನೊಬ್ಬನಾಗಿದ್ದರೆ ಸಿಟ್ಟಾಗುತ್ತಿದ್ದ. ಲಕ್ಷ್ಮಯ್ಯನಿಗೆ ಹುಟ್ಟಿದ್ದು ಕುತೂಹಲ. ಬಟ್ಟೆಯಲ್ಲಿ ಒಂದು ಚಿತ್ತಾರ ಕಂಡಿತೆಂದರೆ ಎಲ್ಲೋ ಅದನ್ನು ಹೊಡೆದ ರಟ್ಟುಗಳಿರಲೇಬೇಕು. ಎಷ್ಟು ರಟ್ಟಿಗೆ ಇದು ಮತ್ತೆ ಮೊದಲಿನಿಂದ ಬರುತ್ತದೆ ಎಂದು ನೋಡುವುದೇ ಅವನ ಹುಟ್ಟುಗುಣ. ಮಾರನೇ ಸಂಜೆಯಿಂದ ಗ್ರಾಫ್ ಪುಸ್ತಕ ಹಿಡಿದು ಮೊಮ್ಮಗಳ ಪಕ್ಕ ಟಿ.ವಿ. ಮುಂದೆ ಕೂತ. ಬುಗುರಿ ಕಂಡಾಗ ಕೆಂಪು ಚೌಕ, ಕಾಗೆ ಬಂದಾಗ ಕಪ್ಪು. ಪಿಳ್ಳಪ್ಪ ಇಣುಕಿ ನೋಡಿ, ಮುಪ್ಪಿಗೆ ಮಗು ಬುದ್ಧಿ ಬಂತು ಎಂದು ಆಡಿಕೊಂಡು ಹೋದ. ನಾಲ್ಕನೇ ದಿನಕ್ಕೆ ಪುಸ್ತಕದಲ್ಲಿ ಅಂಚು ಮೂಡತೊಡಗಿತು. ಬುಗುರಿ ಅಲ್ಲೊಮ್ಮೆ ಇಲ್ಲೊಮ್ಮೆ ಬರುತ್ತಿರಲಿಲ್ಲ. ಊರಲ್ಲಿ ಏನಾದರೂ ಕೆಟ್ಟು, ಆಮೇಲೆ ಸರಿಹೋಗುವ ಗಳಿಗೆಗೆ ತಪ್ಪದೆ ಬರುತ್ತಿತ್ತು. ದೊಡ್ಡಗಿಳಿ ಅದನ್ನು ತಿರುಗಿಸಿದರೆ ಬತ್ತಿದ ಕೆರೆ ತುಂಬುತ್ತಿತ್ತು.

ಆರನೇ ದಿನ ಅವನಿಗೆ ಇನ್ನೊಂದು ಕಂಡಿತು. ಕಾಗೆಗಳು ಕಳ್ಳತನ ಮಾಡುತ್ತಿರಲಿಲ್ಲ, ಯಾರನ್ನೂ ಕುಕ್ಕುತ್ತಿರಲಿಲ್ಲ. ಅವು ಮಾಡುತ್ತಿದ್ದದ್ದು ಒಂದೇ. ಕೆರೆ ನೀರು ಯಾಕೆ ಕಡಿಮೆಯಾಯಿತು ಎಂದು ಒಂದು ದಿನ ಕಾಗೆಯೊಂದು ಕೇಳಿತು. ದೊಡ್ಡಗಿಳಿಯ ಗೂಡು ಮಾತ್ರ ಯಾಕೆ ಅಷ್ಟು ದೊಡ್ಡದು ಎಂದು ಇನ್ನೊಂದು ದಿನ. ಕೇಳಿದ ಕೂಡಲೇ ಅದು ಕೂತ ಕೊಂಬೆ ಲಟಕ್ಕನೆ ಮುರಿದು ಕಾಗೆ ಕೆಸರಿಗೆ ಬೀಳುತ್ತಿತ್ತು. ಗಿಳಿಗಳೆಲ್ಲ ರೆಕ್ಕೆ ಬಡಿದು ನಗುತ್ತಿದ್ದವು. ಒಂದು ದಿನವೂ ತಪ್ಪಿಲ್ಲ. ಪೆನ್ಸಿಲ್ಲು ಹಿಡಿದ ಲಕ್ಷ್ಮಯ್ಯನ ಕೈ ಅಲ್ಲೇ ನಿಂತಿತು. ಮಗ್ಗುಲಲ್ಲಿ ಕೂತ ಮಗು ತನ್ನನ್ನು ಏನಾದರೂ ಕೇಳಿ ಎಷ್ಟು ದಿನವಾಯಿತು ಎಂದು ಲೆಕ್ಕ ಹಾಕಿದ. ನೆನಪಾಗಲಿಲ್ಲ.

ಮರುದಿನ ಬೇಕೆಂದೇ ಕನ್ನಡಕವನ್ನು ತಲೆಕೆಳಗಾಗಿ ಇಟ್ಟುಕೊಂಡು ರಟ್ಟು ಹೊಡೆಯಲು ಕೂತ. ರಂಜಿತ ನೋಡಿದಳು, ತುಟಿ ಅಲ್ಲಾಡಿತು, ಮತ್ತೆ ಬಿಗಿಯಾಯಿತು.

“ಏನೂ ಕೇಳಲ್ವೇನವ್ವಾ?” ಎಂದ ತಾತ.

“ಯಾಕೆ ಯಾಕೆ ಅನ್ನೋದು ಕಾಗೆ, ತಾತ. ನಾನು ಗಿಳಿ.”

ಅವತ್ತು ಪ್ರಮೋದಾ ಕೆಲಸದಿಂದ ಬಂದ ಕೂಡಲೇ ಲಕ್ಷ್ಮಯ್ಯ ಎಲ್ಲವನ್ನೂ ಹೇಳಿದ. ವಿಷಯ ತಿಳಿದ ಪ್ರಮೋದಾ ಕೆರಳಿ ಕೇಬಲ್ ವೈರು ಕೀಳಲು ಎದ್ದಳು. ಮಾವ ಅಡ್ಡ ಬಂದ. “ವೈರು ಕಿತ್ರೆ ಪೆಟ್ಟಿಗೆ ಮೂಕಾಗ್ತದೆ ಕಣವ್ವ, ಮಗೀಗೆ ಬಾಯಿ ಬರಲ್ಲ” ಎಂದ. ಗಿಳಿ ಕೆಟ್ಟದ್ದು ಎಂದು ತಾನು ಹೇಳಿದರೆ ಮಗು ನಂಬಬಹುದು. ಆದರೆ ದೊಡ್ಡಗಿಳಿಯ ಮಾತು ಬಿಟ್ಟು ಮುದಿಗಿಳಿಯ ಮಾತು ಕೇಳಿದಂತೆ, ಅಷ್ಟೆ. ಕೇಳುವುದನ್ನು ಅವಳೇ ಕೇಳಬೇಕಿತ್ತು.

ಅವನಿಗೆ ಗೊತ್ತಿದ್ದ ಮದ್ದು ಒಂದೇ. ಪ್ರಮೋದಳ ಫೋನಿನಲ್ಲಿ ದೊಡ್ಡಗಿಳಿಯ ಚಿತ್ರ ಹಿಡಿಸಿ, ಹೊಸ ಗ್ರಾಫ್ ಹಾಳೆಯನ್ನು ರಂಜಿತಳ ಮುಂದಿಟ್ಟ. ಲಂಗದ ಅಂಚನ್ನು ಈ ಸಲ ನೀನೇ ತುಂಬು, ಬೇಗ ಬೇಡ, ಒಂದು ಚೌಕವೂ ಬಿಡಬೇಡ ಎಂದ. ಮಗು ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಕೂತಿತು. ಮೊದಲ ಸಂಜೆ ರೆಕ್ಕೆ. ಎರಡನೇ ಸಂಜೆ ಕೊಕ್ಕು, ಕಣ್ಣು. ಲಕ್ಷ್ಮಯ್ಯ ಪಕ್ಕದಲ್ಲೇ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ. ಐವತ್ತು ವರ್ಷದ ಕಸುಬಿನಲ್ಲಿ ಇಷ್ಟು ಕಷ್ಟದ ಕೆಲಸವನ್ನು ಅವನು ಮಾಡಿರಲಿಲ್ಲ.

ಮೂರನೇ ಸಂಜೆ ಬುಗುರಿ ತುಂಬುವಾಗ ಕೆಂಪು ಪೆನ್ಸಿಲ್ಲು ಮೊಂಡಾಯಿತು. ತಾತ ಕೆತ್ತಿಕೊಟ್ಟ. ಮತ್ತೆ ಮೊಂಡಾಯಿತು. ರಂಜಿತ ಕೆಂಪು ಚೌಕಗಳ ಮೇಲೆ ಬೆರಳಿಟ್ಟು ಎಣಿಸಿದಳು, ಆಮೇಲೆ ಗಿಳಿಯ ತಲೆಯ ಚೌಕಗಳನ್ನು ಎಣಿಸಿದಳು. ಇನ್ನೊಮ್ಮೆ ಎಣಿಸಿದಳು. ಇಲಿಮರಿಯಂಥ ದನಿಯಲ್ಲಿ ಕೇಳಿದಳು.

“ತಾತ, ಗಿಳಿ ತಲೆಗಿಂತ ಬುಗುರಿ ದೊಡ್ಡದು ಯಾಕೆ?”

ಕೇಳಿದವಳೇ ಕತ್ತೆತ್ತಿ ಸೂರು ನೋಡಿದಳು. ಏನೂ ಮುರಿದು ಬೀಳಲಿಲ್ಲ. ಫ್ಯಾನು ತನ್ನ ಪಾಡಿಗೆ ತಿರುಗುತ್ತಿತ್ತು. ಲಕ್ಷ್ಮಯ್ಯ ಅವಳನ್ನು ಎದುರಿನ ಗೋಡೆಯ ಹತ್ತಿರ ಕರೆದುಕೊಂಡು ಹೋಗಿ ಭಿತ್ತಿಪತ್ರ ತೋರಿಸಿದ. ತನ್ನ ಅಪ್ಪ ಹಾಸು ಕತ್ತರಿಸಿದ ಕಥೆ ಹೇಳಿದ. ಅದು ಮುಗಿಯುವಷ್ಟರಲ್ಲಿ ಮಗು ಹನ್ನೊಂದು ಸಲ ಯಾಕೆ ಎಂದಿತ್ತು. ಬುಗುರಿಯನ್ನು ರಬ್ಬರಿನಿಂದ ಅಳಿಸಿ, ಗಿಳಿಯ ಕಾಲಿಗೆ ಸೀಬೆಹಣ್ಣು ಕೊಟ್ಟವಳು ಅವಳೇ. ಪಕ್ಕದಲ್ಲಿ ಒಂದು ಕಾಗೆಯೂ ಇರಲಿ, ಅದಕ್ಕೂ ಅರ್ಧ ಹಣ್ಣು ಬೇಕು ಎಂದಳು.

ಪಿಳ್ಳಪ್ಪನ ಬಾಯಲ್ಲಿ ಎಳ್ಳುಕಾಳು ನೆನೆಯದು. ಟೀ ಅಂಗಡಿಯಿಂದ ಸುದ್ದಿ ಬುಗುರಿಯ ಎದುರು ಪಕ್ಷಕ್ಕೂ ಮುಟ್ಟಿ, ಅಲ್ಲಿಯ ದೇವರಾಜ್ ಎಂಬ ಮುಖಂಡ ಕಾರಿನಲ್ಲಿ ಬಂದಿಳಿದ. ಗ್ರಾಫ್ ಪುಸ್ತಕವನ್ನು ಪುಟಪುಟವಾಗಿ ತಿರುವಿ ನೋಡಿ ಬೆರಗಾದ. ಪತ್ರಿಕೆಯವರನ್ನು ತಾನು ಕರೆಸುತ್ತೇನೆ, ಯಜಮಾನರು ಸುಮ್ಮನೆ ಪುಸ್ತಕ ಹಿಡಿದು ನಿಂತರೆ ಸಾಕು ಎಂದ. ಕಂಪ್ಯೂಟರಿನಲ್ಲಿ ರಟ್ಟು ಹೊಡೆಯುವ ಯಂತ್ರವನ್ನೂ ಕೊಡಿಸುವುದಾಗಿ ಹೇಳಿದ. ಈ ಕಾಗೆಯನ್ನೇ ನಾಯಕ ಮಾಡಿ ತಮ್ಮವರೂ ಒಂದು ಕಾರ್ಟೂನು ತೆಗೆಯುತ್ತಾರಂತೆ.

“ನಮ್ಮ ಗುರ್ತು ಎದ್ದು ಕಾಣೋದು ಬೇಡ ಯಜಮಾನ್ರೇ. ಸುಮ್ನೆ ಒಂದು ಮೂಲೇಲಿದ್ರೆ ಸಾಕು.”

ಚಾಪೆಯ ಮೇಲೆ ಚೌಕ ತುಂಬುತ್ತಿದ್ದ ರಂಜಿತ ತಲೆಯೆತ್ತಿದಳು. “ಮೂಲೇಲಿ ಯಾಕೆ?”

ದೇವರಾಜ್ ಜೋರಾಗಿ ನಕ್ಕು, ಜೇಬಿನಿಂದ ಚಾಕ್ಲೇಟ್ ತೆಗೆದು ಅವಳ ಕೈಗಿಟ್ಟ. ಲಕ್ಷ್ಮಯ್ಯ ಅವನ ಕೈಯಿಂದ ಪುಸ್ತಕ ಈಸಿಕೊಂಡು ಮಡಿಲಲ್ಲಿಟ್ಟುಕೊಂಡ.

“ಬೇಡ ಕಣಪ್ಪ ದೇವರಾಜು. ಮಗು ಯಾಕೆ ಅಂದಾಗ ಅವ್ರು ಕೊಂಬೆ ಮುರಿದ್ರು, ನೀನು ಚಾಕ್ಲೇಟ್ ಕೊಟ್ಟೆ. ಎರಡೂ ಬಾಯಿ ಮುಚ್ಸೋ ಕೆಲ್ಸವೇ. ನಿನ್ನ ಮಿಷಿನ್ನೂ ಬೇಡ, ಪೇಪರ್ನೋರೂ ಬೇಡ. ನನ್ನ ಬೆರಳು ಇನ್ನೂ ಗಟ್ಟಿಯಾಗವೆ. ಕಾಪಿ ಕುಡ್ಕೊಂಡು ಹೋಗು. ಯುಗಾದಿಗೆ ಲಂಗ ಮುಗೀಬೇಕು, ಕಾಗೆ ರೆಕ್ಕೆ ಇನ್ನೂ ಅರ್ಧ ಬಾಕಿ ಐತೆ.”