ಕೆರೆ ಏರಿ ಹತ್ತಿದ ಅಕ್ಕ

ಚಿಕ್ಕಮ್ಮನ ಊರು ದೇವರಾಯಸಮುದ್ರ. ಅಲ್ಲಿಯ ಕೆರೆ ಏರಿಯನ್ನು ನನ್ನ ಅಕ್ಕ ಎಲ್ಲೂ ನಿಲ್ಲದೆ ಹತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಅಪ್ಪ ಕೇಳಿದಾಗ ಹೇಳಲಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಅಷ್ಟನ್ನು ಹೇಳುವುದಕ್ಕೆ ಓದು ಬೇಕಿರಲಿಲ್ಲ.

ನಮ್ಮದು ಹುತ್ತೂರಿನ ಕಡೆಯ ಹಳ್ಳಿ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು, ಅದೇ ಬದುಕು. ಹುಳುವಿಗೆಂದು ಬೇರೆ ಮನೆ ಇರಲಿಲ್ಲ. ಪಡಸಾಲೆಯಲ್ಲಿ ಬಿದಿರಿನ ತಟ್ಟೆಗಳನ್ನು ಅಟ್ಟಣೆಯ ಮೇಲೆ ಜೋಡಿಸಿ, ಉಳಿದ ಜಾಗದಲ್ಲಿ ನಾವು ಮಲಗುತ್ತಿದ್ದೆವು. ಪೊರೆ ಬಿಡುವ ಮುನ್ನ ಹುಳುಗಳು ಮೇವು ಬಿಟ್ಟು, ತಲೆಯೆತ್ತಿ ಸುಮ್ಮನಾಗುತ್ತವೆ. ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಹುಳು ಜ್ವರಕ್ಕೆ ಹೋದರೆ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಜೋರಾಗಿ ಮಾತಾಡುವಂತಿಲ್ಲ. ಆಗ ಅಕ್ಕನಿಗೆ ಕೆಮ್ಮು ಬಂದರೆ ಅಮ್ಮ ಕಣ್ಣು ಕೆಕ್ಕರಿಸುತ್ತಿದ್ದಳು. ಅಕ್ಕ ದಾವಣಿಯ ತುದಿಯನ್ನು ಬಾಯಿಗೆ ಒತ್ತಿಕೊಂಡು ಹಿತ್ತಿಲಿಗೆ ಓಡುತ್ತಿದ್ದಳು.

ತಟ್ಟೆಗಳಿಂದ ಹಿಕ್ಕೆ ಮತ್ತು ಒಣಗಿದ ಸೊಪ್ಪನ್ನು ತೆಗೆದು ಕೊಡವುವುದು ಅವಳ ಕೆಲಸ. ಹುಳು ದೊಡ್ಡದಾದಷ್ಟೂ ಧೂಳು ಹೆಚ್ಚು. ಕೊಡವಿದ ಮೇಲೆ ಗೋಡೆಗೆ ಕೈಯೂರಿ, ಎದೆಯೊಳಗೆ ಸೀಟಿ ಸಿಕ್ಕಿಕೊಂಡ ಹಾಗೆ ಉಸಿರೆಳೆಯುತ್ತಿದ್ದಳು.

ಕೋಲಾರದ ಡಾಕ್ಟರೊಬ್ಬರು ಎದೆಗೆ ಕೊಳವೆಯಿಟ್ಟರು, ಬಡಕಲು ಮೈ ನೋಡಿದರು, ಕ್ಷಯ ಎಂದುಬಿಟ್ಟರು. ಅಂದಿನಿಂದ ಅವಳಿಗೆ ಬೇರೆ ಚೊಂಬು, ಬೇರೆ ಚಾಪೆ. ಮಾಲೂರಿನ ಕಡೆಯಿಂದ ಬಂದು ಹೆಣ್ಣು ನೋಡಿ ಹೋಗಿದ್ದವರು ಮತ್ತೆ ಬರಲಿಲ್ಲ. ಬಾವಿಯ ಹತ್ತಿರ ಪಕ್ಕದ ಮನೆಯಾಕೆ, "ಏನಮ್ಮಿ, ನಿಮ್ಮಕ್ಕ ಹಿಡಿದ ಹಗ್ಗಾನೇ ಹಿಡ್ಕೊಂಡಿದ್ದೀಯ? ನಾವೂ ಕೆಮ್ಮಬೇಕಾ?" ಎಂದಳು. ಹುಳು ಕೊಳೆತು ಬೆಳೆ ಹೋದಾಗ ಅದೂ ಅಕ್ಕನ ಉಸಿರಿನ ದೋಷವಾಯಿತು. ಆದರೂ ತಟ್ಟೆ ಕೊಡವುವ ಕೆಲಸ ಮಾತ್ರ ಅವಳಿಗೆ ತಪ್ಪಲಿಲ್ಲ.

ಗಾಳಿ ಬದಲಾದರೆ ಒಳ್ಳೆಯದೆಂದು ಯಾರೋ ಹೇಳಿದ್ದಕ್ಕೆ ಅವಳನ್ನು ಚಿಕ್ಕಮ್ಮನ ಮನೆಗೆ ಕಳುಹಿಸಿದರು. ಜೊತೆಗೆ ನಾನು. ಆ ಮನೆಯಲ್ಲಿ ರಾಗಿ ಉಂಟು, ಎಮ್ಮೆ ಉಂಟು, ಹುಳುವಿಲ್ಲ. ವಾರ ಕಳೆಯುವುದರೊಳಗೆ ಅಕ್ಕ ನನ್ನ ಜೊತೆ ಪಂದ್ಯ ಕಟ್ಟಿ ಏರಿ ಹತ್ತಿದಳು. ಕೆಳಗಿನಿಂದ ಚಿಕ್ಕಮ್ಮ ತೆಲುಗು ಬೆರೆಸಿ ಕೂಗಿದಳು: "ಏಮೇ ಪಿಲ್ಲಾ, ಮೆಲ್ಲಗೆ! ಕ್ಷಯ ಬಂದೋಳು ಹಿಂಗೆ ಓಡ್ತಾಳೇನೇ?"

ಅಕ್ಕ ನನ್ನ ತಲೆಯನ್ನು ಎದೆಗೆ ಎಳೆದುಕೊಂಡಳು. "ಕಿವಿ ಇಟ್ಟು ಕೇಳೇ. ಸೀಟಿ ಐತಾ?"

ಇರಲಿಲ್ಲ.

"ಅಪ್ಪಂಗೆ ನೀನೇ ಹೇಳು. ನಾನು ಹೇಳಿದ್ರೆ ಕೆಲಸ ತಪ್ಪಿಸ್ಕೊಳ್ಳೋಕೆ ಅಂತಾರೆ."

"ಹೇಳ್ತೀನಿ ಕಣಕ್ಕ," ಎಂದೆ.

ಮನೆಗೆ ಹಿಂತಿರುಗಿದಾಗ ಮೊಟ್ಟೆಯೊಡೆದು ಹೊಸ ಹುಳುಗಳು ಬಂದಿದ್ದವು. ಅಕ್ಕನನ್ನು ತನ್ನ ಹತ್ತಿರವೇ ಬಿಡಿ ಎಂದು ಚಿಕ್ಕಮ್ಮ ಹೇಳಿ ಕಳುಹಿಸಿದ್ದಳು. ಅಪ್ಪನಿಗೆ ಅನುಮಾನ. "ನಿಮ್ಮ ಚಿಕ್ಕಮ್ಮಂಗೆ ಎಮ್ಮೆ ನೋಡ್ಕೊಳ್ಳೋಕೆ ಆಳು ಬೇಕಾಗೈತೆ. ನೀನು ಹೇಳೇ, ಅಲ್ಲಿ ನಿಜವಾಗ್ಲೂ ಗುಣ ಕಾಣ್ತಾ?"

ನಾನು ತಟ್ಟೆಗಳ ಕಡೆ ನೋಡಿದೆ. ಅಕ್ಕ ಅಲ್ಲೇ ಉಳಿದರೆ ಅವೆಲ್ಲ ನನ್ನ ಪಾಲಿಗೆ. ಅವಳಿಲ್ಲದ ಮನೆಯಲ್ಲಿ ಒಬ್ಬಳೇ ಮಲಗಬೇಕೆಂಬ ಹೆದರಿಕೆಯೂ ಇತ್ತು. ಆದರೆ ಮೊದಲು ಕಂಡದ್ದು ತಟ್ಟೆಗಳೇ.

"ಇಲ್ಲಪ್ಪ. ಇಲ್ಲಿದ್ದಂಗೇ ಇದ್ಲು."

ಅಕ್ಕ ಹೊಸ್ತಿಲಲ್ಲಿ ಪೊರಕೆ ಹಿಡಿದು ನಿಂತಿದ್ದಳು. ನನ್ನ ಮುಖ ನೋಡಲಿಲ್ಲ. ಒಳಗೆ ಹೋಗಿ ಗುಡಿಸತೊಡಗಿದಳು. ಸ್ವಲ್ಪ ಹೊತ್ತಿಗೆ ಕೆಮ್ಮು ಕೇಳಿಸಿತು.

ಆಮೇಲೆ ಎಷ್ಟೋ ಬೆಳೆ ಬಂದು ಹೋದವು. ನನಗೆ ಮದುವೆಯಾಯಿತು, ಅವಳಿಗೆ ಆಗಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ, ಅವಳು ಮಾತು ಮುಗಿಸಲಾರದಷ್ಟು ಏದುತ್ತಿದ್ದಾಗ, ನಾನೇ ಒಬ್ಬ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಎದೆ ನೋಡುವ ಮೊದಲು ಕೇಳಿದರು: "ಮನೇಲಿ ಏನು ಕೆಲಸ ಮಾಡ್ತೀಯಮ್ಮ? ಎಲ್ಲಿದ್ರೆ ಕಮ್ಮಿ ಆಗುತ್ತೆ?"

ಅಕ್ಕ ನನ್ನ ಕಡೆ ತಿರುಗಿದಳು. ನಾನು ಹುಳುವಿನ ಮಾತು ಹೇಳಿದೆ, ಏರಿಯ ಮಾತೂ ಹೇಳಿದೆ.

"ಇದು ಕ್ಷಯ ಅಲ್ಲ, ಗೂರಲು, ಉಬ್ಬಸ ಅಂತಾರಲ್ಲ ಅದು," ಎಂದರು ಅವರು. "ಪೂರ್ತಿ ಹೋಗಲ್ಲ. ಆದ್ರೆ ಆ ಧೂಳಿಂದ ಮೊದಲು ಆಚೆ ಬಾ. ಇಷ್ಟು ದಿನ ಯಾರೂ ಹೇಳ್ಲಿಲ್ವಾ?"

ಅಕ್ಕ ಚಿಕ್ಕಮ್ಮನ ಮನೆ ಸೇರಿದಳು. ಮುಂದಿನ ಸಂಕ್ರಾಂತಿಗೆ ನೋಡಲು ಹೋದಾಗ, ಕೆರೆಗೆ ಹೋಗೋಣ ಎಂದು ಅವಳೇ ಕರೆದಳು. ಮೊದಲಿಗಿಂತ ಮೈ ತುಂಬಿತ್ತು. ಆದರೂ ಏರಿಯ ಅರ್ಧಕ್ಕೆ ನಿಂತು, ಮೊಣಕಾಲಿಗೆ ಕೈ ಕೊಟ್ಟಳು. ಎದೆಯಲ್ಲಿ ಸಣ್ಣಗೆ ಸೀಟಿ ಕೇಳುತ್ತಿತ್ತು.

"ನೀನು ಹೋಗ್ತಿರೇ. ನಾನು ನಿಧಾನಕ್ಕೆ ಬರ್ತೀನಿ."

ನಾನು ಹೋಗಲಿಲ್ಲ. ಅವಳ ಕಾಲ ಬಳಿ ಕಲ್ಲಿನ ಮೇಲೆ ಕುಳಿತೆ.

"ಅಕ್ಕ, ನೀನು ಇದನ್ನ ಓಡಿ ಹತ್ತಿದ್ದು ನಾನು ನೋಡಿದ್ದೆ. ಅಪ್ಪನ ಮುಂದೆ ಸುಳ್ಳು ಹೇಳ್ದೆ. ತಟ್ಟೆ ಕೊಡವೋಕೆ ಸೋಮಾರಿತನ ಪಟ್ಟು ನಿನ್ನ ಉಸಿರು ಕಿತ್ಕೊಂಡೆ. ತಪ್ಪಾಯ್ತು ಕಣಕ್ಕ."