ತಂಗಿ ಎಂದು ಕರೆತಂದವಳು

ಹೋದ ವಾರ ಎದುರುಮನೆಯಾಕೆ ಒಬ್ಬ ಹುಡುಗಿಯನ್ನು ನಮ್ಮ ಮನೆಗೆ ಕರೆತಂದು, "ನಮ್ಮ ಸಂಬಂಧಿಕರ ಹುಡುಗಿ, ಮನೆಗೆಲಸಕ್ಕೆ ಇರ್ತಾಳೆ" ಎಂದರು. ಚಕ್ಕುಲಿಯ ತಟ್ಟೆ ಮುಂದೆ ಹಿಡಿದೆ. ಹುಡುಗಿ ತಟ್ಟೆ ನೋಡಲಿಲ್ಲ, ಆಕೆಯ ಮುಖ ನೋಡಿದಳು. ಆಕೆ ತಲೆಯಾಡಿಸಿದ ಮೇಲೆ ಒಂದನ್ನು ತೆಗೆದುಕೊಂಡಳು. ಸಂಕೋಚ ಇರಬಹುದು. ಆದರೆ ಅಂಥ ನೋಟವನ್ನು ನಾನು ಹಿಂದೊಮ್ಮೆ ಕಂಡಿದ್ದೇನೆ; ನಿಮಗೆ ಹೇಳಿಬಿಡುತ್ತೇನೆ.

ಎಪ್ಪತ್ತರ ದಶಕದ ಕೊನೆ. ದಾವಣಗೆರೆಯ ವಿನೋಬನಗರದಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದುಕೊಂಡು ಶಿಕ್ಷಕಿಯ ತರಬೇತಿ ಪಡೆಯುತ್ತಿದ್ದೆ. ದೊಡ್ಡಪ್ಪ ಚರ್ಚಿನ ಸಭಾಪಾಲಕರು. ಲೋಕದಲ್ಲಿ ಕೆಟ್ಟವರಿದ್ದಾರೆಂದು ಪ್ರತಿ ಭಾನುವಾರ ಬೋಧಿಸುತ್ತಿದ್ದರು. ಮನೆಗೆ ಬಂದವರಲ್ಲಿ ಮಾತ್ರ ಒಬ್ಬ ಕೆಟ್ಟವನೂ ಅವರ ಕಣ್ಣಿಗೆ ಬಿದ್ದಿರಲಿಲ್ಲ. ದೊಡ್ಡಮ್ಮ ಬೋಧಿಸುತ್ತಿರಲಿಲ್ಲ. ಬಡಿಸುತ್ತಿದ್ದರು, ಬಡಿಸುವಾಗ ನೋಡುತ್ತಿದ್ದರು.

ಒಂದು ದಿನ ಬೊಂಬಾಯಿಯಿಂದ ಒಬ್ಬಾತ ತಂಗಿಯೊಡನೆ ಬಂದ. ಸಫಾರಿ ಸೂಟು, ಹೊಳೆಯುವ ಬೂಟು. ಬಡ ಕ್ರೈಸ್ತ ಹುಡುಗಿಯನ್ನು ವರದಕ್ಷಿಣೆಯಿಲ್ಲದೆ ಮದುವೆಯಾಗುತ್ತೇನೆಂದ. ನಮ್ಮ ಸಭೆಯಲ್ಲಿ ರತ್ನಮ್ಮ ಎಂಬ ವಿಧವೆ ಇದ್ದರು, ಹತ್ತಿ ಗಿರಣಿಯ ಕೆಲಸದವರು. ಅವರ ಮಗಳು ಶಾಂತಾಳನ್ನು ಆತ ಅಂದು ಬೆಳಗ್ಗೆಯೇ ನೋಡಿ ಒಪ್ಪಿದ್ದ. ಜನರನ್ನು ಅಳೆಯುವುದರಲ್ಲಿ ನಾನು ಗಟ್ಟಿಗಿತ್ತಿಯೆಂದು ನಂಬಿದ್ದ ಕಾಲ ಅದು. ಬೂಟು ನೋಡಿ ಶಾಂತಾಳ ಅದೃಷ್ಟಕ್ಕೆ ಒಳಗೊಳಗೇ ಕರುಬಿದೆ.

"ಮದುವೆಗೆ ಮುಂಚೆ ಮೂರು ಭಾನುವಾರ ಸಭೆಯಲ್ಲಿ ಪ್ರಕಟಣೆ ಓದ್ಬೇಕಪ್ಪಾ, ತಕರಾರಿದ್ದವರು ಹೇಳ್ಲಿ ಅಂತ" ಎಂದರು ದೊಡ್ಡಪ್ಪ.

"ಅಷ್ಟು ರಜಾ ಇಲ್ಲ ಅಯ್ಯನವ್ರೇ. ಹುಡುಗೀನ ಕಳಿಸಿಕೊಡ್ರಿ, ಅಲ್ಲೇ ನಮ್ಮ ಚರ್ಚಿನಾಗ ಮದುವೆ ಮಾಡ್ಕೊಂತೀನಿ. ತಂಗಿ ಜೊತೆಗೆ ಇದ್ದಾಳಲ್ಲ."

ಊಟಕ್ಕೆ ಕೂತಾಗ ದೊಡ್ಡಮ್ಮ ಆ ತಂಗಿಗೆ ಇನ್ನಷ್ಟು ಅನ್ನ ಬಡಿಸಹೋದರು. ಅವಳು ಬೇಕೆನ್ನಲಿಲ್ಲ, ಬೇಡವೆನ್ನಲಿಲ್ಲ. ಅಣ್ಣನ ಮುಖ ನೋಡಿದಳು. ದೊಡ್ಡಮ್ಮನ ಕೈ ಒಂದು ಗಳಿಗೆ ಅಲ್ಲೇ ನಿಂತಿತು. ಊಟವಾದ ಮೇಲೆ, "ಕೈ ತೊಳೆಯಾಕೆ ಹಿತ್ತಲಿಗೆ ಬಾರವ್ವ" ಎಂದು ಅವಳನ್ನು ಕರೆದೊಯ್ದರು. ನೀರಿನ ಚೊಂಬು ಹಿಡಿದು ನಾನೂ ಹೋದೆ.

"ಹೆಸರೇನವ್ವ?"

"ಮೇರಿ."

"ಅದಲ್ಲ. ನಿಮ್ಮವ್ವ ಏನಂತ ಕರೀತಿದ್ಲು?"

ಹುಡುಗಿ ಒದ್ದೆ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು. "ರುಖಿಯಾ. ನಮ್ಮನೆ ಇಲ್ಲೇ ಹರಿಹರದಾಗ ಐತ್ರಿ. ಬೆಳಗ್ಗೆ ರೈಲು ಅಲ್ಲಿ ನಿಂತಾಗ ಕಣ್ಣು ಮುಚ್ಕೊಂಡಿದ್ದೆ." ಆಮೇಲೆ ಪಿಸುಗುಟ್ಟಿದಳು: "ಆ ಹುಡುಗೀನ ಕಳಿಸಬ್ಯಾಡ್ರಿ. ನನ್ನೂ ಹಿಂಗೇ ಮದುವೆ ಅಂತ ಒಯ್ದು ಮಾರಿದ. ಈಗ ಹುಡುಗಿ ಮನೆಯವರು ನಂಬ್ಲಿ ಅಂತ ತಂಗಿ ಅಂದ್ಕೊಂಡು ಜೊತೆಗೆ ತಿರುಗಿಸ್ತಾನೆ. ಓಡಿ ಹೋದ್ರೆ ನಿನ್ನ ಮನೇಲಿ ಯಾರು ಸೇರಿಸ್ಕೊಂತಾರೆ ಅಂತಾನೆ."

ಅಡುಗೆಮನೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಳ್ಳಲು ದೊಡ್ಡಮ್ಮ ಅವಳಿಗೆ ಹೇಳಿದರು. ನನ್ನನ್ನು ಪೊಲೀಸ್ ಠಾಣೆಗೆ ಓಡಿಸಿದರು. ವಿಷಯ ಕೇಳಿ ದೊಡ್ಡಪ್ಪ "ಪ್ರಾರ್ಥನೆ ಮಾಡೋಣ" ಎಂದರಂತೆ. "ನೀವು ಮಾಡ್ರಿ, ನಾನು ಬಾಗಿಲಲ್ಲಿ ನಿಂತಿರ್ತೀನಿ" ಎಂದರಂತೆ ದೊಡ್ಡಮ್ಮ. ಆತ ತಂಗಿಯನ್ನು ಕೂಗಿದಾಗ, ಅಡುಗೆಮನೆಯ ಬಾಗಿಲಿಗೆ ಬೆನ್ನುಕೊಟ್ಟು, "ಅವಳು ಬರಲ್ಲ" ಎಂದಷ್ಟೇ ಹೇಳಿದರಂತೆ. ನಾನು ಪೇದೆಯೊಡನೆ ಬರುವಷ್ಟರಲ್ಲಿ ಆತ ಸೂಟ್‌ಕೇಸ್ ಎತ್ತಿಕೊಂಡು ಹೋಗಿಬಿಟ್ಟಿದ್ದ. ಮತ್ತೆ ಸಿಗಲೇ ಇಲ್ಲ.

ರತ್ನಮ್ಮ ಕೃತಜ್ಞರಾದರೆಂದುಕೊಂಡಿರಾ? "ಯಾವಳದೋ ಮಾತು ಕೇಳಿ ನನ್ನ ಮಗಳ ಮದುವೆ ಮುರಿದ್ರಿ" ಎಂದರು. ಮುಂದೆ ಶಾಂತಾಳಿಗೆ ಗಿರಣಿಯ ಫಿಟ್ಟರನೊಬ್ಬನೊಂದಿಗೆ ಮದುವೆಯಾಯಿತು, ಚೆನ್ನಾಗಿಯೇ ಬಾಳಿದಳು. ಆ ಮದುವೆಗೆ ದೊಡ್ಡಮ್ಮನಿಗೆ ಕರೆ ಬರಲಿಲ್ಲ.

ರುಖಿಯಾಳನ್ನು ಬಸ್ಸಿನಲ್ಲಿ ಹರಿಹರಕ್ಕೆ ಕರೆದೊಯ್ದಾಗ ನಾನೂ ಜೊತೆಗಿದ್ದೆ. ಅವಳ ತಂದೆ ಪಾತ್ರೆಗಳಿಗೆ ಕಲಾಯಿ ಹಾಕುವವರು. ಬಾಗಿಲಿಗೆ ಕೈ ಅಡ್ಡ ಇಟ್ಟು ನಿಂತು, ಮಗಳನ್ನು ನೋಡದೆ ದೊಡ್ಡಮ್ಮನನ್ನು ಕೇಳಿದರು: "ಇವಳನ್ನ ನಿಮ್ಮ ಮತಕ್ಕೆ ಸೇರಿಸ್ಕೊಂಡೀರೇನ್ರಿ?"

"ಇಲ್ಲ ಸಾಹೇಬ್ರೆ. ನಿಮ್ಮ ಮಗಳು ಹೆಂಗಿದ್ಲೋ ಹಂಗೇ ಕರ್ಕೊಂಡು ಬಂದೀನಿ." ದೊಡ್ಡಮ್ಮ ಮತ್ತೆ ಹೇಳಿದರು: "ಹಂಗೇ ಅಲ್ಲ. ಭಾಳ ನೊಂದಾಳೆ."

ಓಣಿಯವರೆಲ್ಲ ನೋಡುತ್ತಿದ್ದರು. ಆತ ಅಡ್ಡ ಇಟ್ಟಿದ್ದ ಕೈ ತೆಗೆದರು. "ಅಂದರ್ ಆ ಬೇಟಿ" ಎಂದು ಮಗಳನ್ನು ಒಳಗೆ ಕರೆದರು.

ಓಣಿ ವರ್ಷಗಟ್ಟಲೆ ಮಾತಾಡಿಕೊಂಡಿತು. ರುಖಿಯಾ ಹೊಲಿಗೆ ಕಲಿತು, ಮಾತಾಡಿಕೊಂಡವರ ಬಟ್ಟೆಗಳನ್ನೇ ಹೊಲಿದು ಬದುಕಿದಳು.

ನಮ್ಮ ಎದುರುಮನೆಯಾಕೆ ಒಳ್ಳೆಯವರು. ನನ್ನ ಮಂಡಿನೋವಿಗೆ ಎಣ್ಣೆ ಕಾಸಿ ಕೊಟ್ಟವರು. ನನ್ನ ಅನುಮಾನ ತಪ್ಪೇ ಇರಬಹುದು. ತಪ್ಪಾದರೆ ಒಂದು ಸ್ನೇಹ ಕೆಡುತ್ತದೆ. ವಾರದಿಂದ ಆ ಹುಡುಗಿಗಾಗಿ ಪ್ರಾರ್ಥಿಸುತ್ತಿದ್ದೇನೆ, ಅವಳ ಹೆಸರೇ ನನಗೆ ಗೊತ್ತಿಲ್ಲ. ಈಗ ಆಕೆ ಮಾರುಕಟ್ಟೆಗೆ ಹೊರಟರು. ಹುಡುಗಿ ಅಂಗಳದಲ್ಲಿ ಒಬ್ಬಳೇ ಪಾತ್ರೆ ತಿಕ್ಕುತ್ತಿದ್ದಾಳೆ. ಏಳುತ್ತೇನೆ, ಹೋಗಿ ಅವಳ ಹೆಸರು ಕೇಳುತ್ತೇನೆ.