ಗುಟ್ಟಿನ ಕೌದಿಗೆ ಬಂದ ಹಳದಿ ಲಂಗ

ಕೌದಿ ಹೊಲಿಯುವುದರಲ್ಲಿ ಗುಟ್ಟೇನೂ ಇಲ್ಲ. ಹಳೆಯ ಸೀರೆ, ಧೋತರ, ಮಕ್ಕಳ ಅಂಗಿಗಳನ್ನು ಒಗೆದು, ತುಂಡು ಮಾಡಿ, ಒಂದರ ಮೇಲೊಂದು ಹಾಸಿ, ದಪ್ಪ ದಾರದಲ್ಲಿ ಸಾಲಾಗಿ ಹೊಲಿಗೆ ಹಾಕುತ್ತ ಹೋದರೆ ಮುಗಿಯಿತು. ನಮ್ಮವ್ವ ನೆರೆಮನೆಯವರ ಜೊತೆ ಕಟ್ಟೆಯ ಮೇಲೆ ಕೂತು ಹಾಗೆಯೇ ಹೊಲಿಯುತ್ತಿದ್ದಳು. ಅದಕ್ಕೆ ಗುಟ್ಟು ತಂದವಳು ನಾನು.

ಸಿಂಧನೂರಿನಲ್ಲಿ ನನ್ನದೊಂದು ಟೇಲರಿಂಗ್ ಅಂಗಡಿ ಇದೆ. ಕೆಲವು ವರ್ಷಗಳ ಹಿಂದೆ ನನ್ನ ತಂಗಿಯ ಮಗಳು ಫೋನಿನಲ್ಲಿ ಒಂದು ವಿಡಿಯೊ ತೋರಿಸಿದಳು. ಯಾವುದೋ ದೇಶದ ಹೆಂಗಸರು ಊರು ಬಿಟ್ಟು ಒಂದು ಕಡೆ ಮೂರು ದಿನ ಸೇರಿ ಕೌದಿಯಂಥದ್ದನ್ನೇ ಹೊಲಿಯುತ್ತಿದ್ದರು. ಕೊನೆಗೆ ಯಾವ ಚಿತ್ರ ಮೂಡುತ್ತದೆಂಬುದು ಕಲಿಸುವವಳೊಬ್ಬಳಿಗೆ ಮಾತ್ರ ಗೊತ್ತು. ಅವಳು ಒಂದೊಂದೇ ಹೆಜ್ಜೆ ಹೇಳುತ್ತಾಳೆ, ಉಳಿದವರು ಕಣ್ಣು ಕಟ್ಟಿಸಿಕೊಂಡವರಂತೆ ಹೊಲಿಯುತ್ತ ಹೋಗುತ್ತಾರೆ. ನನಗೆ ಅದರ ಹುಚ್ಚು ಹಿಡಿಯಿತು. ಮಸ್ಕಿಯಲ್ಲಿ ಬೆಟ್ಟದ ಹತ್ತಿರದ ಒಂದು ಮಠದ ಪಡಸಾಲೆ ಕೇಳಿ ಪಡೆದು, ಗುಟ್ಟಿನ ಕೌದಿ ಕೂಟ ಅಂತ ಶುರು ಮಾಡಿದೆ. ಮಸ್ಕಿಯಾದರೆ ನಮಗೂ ಲಿಂಗಸುಗೂರಿನವರಿಗೂ ನಡುವೆ ಬೀಳುತ್ತದೆ. ಭತ್ತದ ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗುವ ಮುಂಚಿನ ಚಳಿಯ ದಿನಗಳಲ್ಲಿ ಹೆಂಗಸರು ಮನೆಯಲ್ಲಿ ಜಗಳವಾಡಿಯೋ ಬೇಡಿಕೊಂಡೋ ಮೂರು ದಿನ ಬಿಡಿಸಿಕೊಂಡು ಬರುತ್ತಿದ್ದರು.

ನಿಯಮ ಸರಳ. ಬರುವವರು ಮನೆಯಿಂದ ನಾಲ್ಕೈದು ಹಳೆಯ ಬಟ್ಟೆ ತರಬೇಕು. ಮೊದಲ ದಿನ ಎಲ್ಲರ ಗಂಟುಗಳನ್ನೂ ನಾನು ಒಳಕೋಣೆಗೆ ಒಯ್ದು, ಒಬ್ಬಳೇ ಕೂತು ರಟ್ಟಿನ ಅಳತೆ ಇಟ್ಟು ಕತ್ತರಿಸಿ, ಎಲ್ಲವನ್ನೂ ಬೆರೆಸಿ, ಪತ್ರಿಕೆಯ ಕಾಗದದಲ್ಲಿ ಪೊಟ್ಟಣ ಕಟ್ಟುತ್ತಿದ್ದೆ. ಒಬ್ಬೊಬ್ಬರಿಗೆ ಐದು ಪೊಟ್ಟಣ. ನಾನು ಹೇಳಿದಾಗಲೇ ಬಿಚ್ಚಬೇಕು. ರಾಶಿಗೆ ಬಿದ್ದ ಬಟ್ಟೆ ಯಾರದೂ ಅಲ್ಲ, ಎಲ್ಲರದು. ಆ ಮಾತನ್ನು ನಾನು ಬಹಳ ಹೆಮ್ಮೆಯಿಂದ ಹೇಳುತ್ತಿದ್ದೆ. ಹನ್ನೆರಡು ಹೆಂಗಸರು ಮುಂದೇನೆಂದು ನನ್ನ ಮುಖ ನೋಡುವುದು ನನಗೆ ಹಿತವಾಗಿತ್ತು. ಅದನ್ನು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ.

ಮೂರನೆಯ ಸಲದ ಕೂಟಕ್ಕೆ ತುರ್ವಿಹಾಳದಿಂದ ಒಬ್ಬಳು ಹೊಸಬಳು ಬಂದಳು. ನಲವತ್ತರ ಆಜುಬಾಜು. ಗಂಡ ಊರಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಅವನೇ ಮುಂಚೆ ಫೋನ್ ಮಾಡಿ ಅವಳ ಹೆಸರು ಬರೆಸಿದ್ದ, ಅವನೇ ಮಠದ ಬಾಗಿಲ ತನಕ ಬಂದು ಬಿಟ್ಟುಹೋದ. ಟವಲಿನಲ್ಲಿ ಕಟ್ಟಿದ ಗಂಟನ್ನು ಅವಳು ನನ್ನ ಕೈಗೆ ಕೊಟ್ಟಾಗ, "ಏನೇನು ತಂದೀಯವ್ವಾ?" ಎಂದು ಕೇಳಿದೆ.

"ನಾ ನೋಡಿಲ್ರಿ ಅಕ್ಕಾರ. ಮನ್ಯಾಗ ಇದ್ದದ್ದು ಅವ್ರ ಕಟ್ಟಿಕೊಟ್ಟಾರ" ಎಂದಳು.

ಗಂಟಿನಲ್ಲಿ ಎರಡು ಸೀರೆ, ಒಂದು ಹಾಸಿಗೆಯ ಚಾದರ, ಒಂದು ಹಳದಿ ಲಂಗ ಇದ್ದವು. ಲಂಗ ಹೊಸದರಂತಿತ್ತು. ಒಳ್ಳೆಯ ಹತ್ತಿ ಬಟ್ಟೆ, ಮೇಲೆ ಸಣ್ಣ ಸಣ್ಣ ಗಿಳಿಗಳ ಅಚ್ಚು. ಕೆಳಗಿನ ಅಂಚಿನಲ್ಲಿ ಎರಡು ಗೆರೆ ಕಂಡವು. ಹುಡುಗಿ ಬೆಳೆದಂತೆ ಮಡಿಕೆ ಬಿಚ್ಚಿ ಉದ್ದ ಮಾಡಿದ್ದ ಗುರುತು. ಟೇಲರ್ ಆದ ನನಗೆ ಅದು ನೋಡಿದ ಕೂಡಲೇ ತಿಳಿಯಿತು. ಮಗಳು ಬೆಳೆದಿದ್ದಾಳೆ, ಲಂಗ ಗಿಡ್ಡಾಗಿದೆ ಅಂದುಕೊಂಡೆ. ಆ ರಾಶಿಯಲ್ಲೆಲ್ಲ ಅದೇ ಚೆಂದದ ಬಣ್ಣ. ಆ ಸಲದ ಚಿತ್ರ ಎಂಟು ಎಸಳಿನ ಹೂವು. ಪ್ರತಿಯೊಬ್ಬರ ಹೂವಿನ ನಡುವಿಗೂ ಆ ಹಳದಿಯೇ ಬರಲಿ ಎಂದು ಲಂಗವನ್ನು ಮೂರು ಮೂಲೆಯ ತುಂಡುಗಳಾಗಿ ಕತ್ತರಿಸಿ, ನಾಲ್ಕನೆಯ ಪೊಟ್ಟಣದಲ್ಲಿ ಎರಡೆರಡರಂತೆ ಇಟ್ಟೆ. ಮಾಸಿದ ಗೆರೆಗಳು ತುಂಡಿನ ನಡುವೆ ಬಂದರೆ ನೋಡಲು ಬೇರೆಯೇ ಇರುತ್ತದೆಂದು ಅಳತೆಯನ್ನು ಹಾಗೆಯೇ ಹೊಂದಿಸಿದೆ.

ಮೊದಲ ದಿನ ಅವಳು ಯಾರ ಜೊತೆಯೂ ಹೆಚ್ಚು ಮಾತಾಡಲಿಲ್ಲ. ಆದರೆ ಹೊಲಿಗೆ ಬಹಳ ಅಚ್ಚುಕಟ್ಟು. ಅವಳ ಪಕ್ಕದಲ್ಲಿ ಲಿಂಗಸುಗೂರಿನ ಕಿರಾಣಿ ಅಂಗಡಿಯವರ ಮನೆಯ ಹಿರಿಯ ಹೆಂಗಸು ಕೂತಿದ್ದಳು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಮಗಳು ಏಳು ತಿಂಗಳ ಬಸುರಿ, ಈ ಕೌದಿ ಹುಟ್ಟುವ ಕೂಸಿಗೆ ಅಂತ ಬಂದಾಗಿನಿಂದ ಹತ್ತು ಸಲ ಹೇಳಿದ್ದಳು. ಎರಡನೆಯ ದಿನ ಬೆಳಗ್ಗೆ ಅವಳು ತುರ್ವಿಹಾಳದವಳನ್ನು ಅದೇನೋ ಚೇಷ್ಟೆ ಮಾಡಿ ನಗಿಸಿದಳು. ನನಗೂ ಸಮಾಧಾನವಾಯಿತು.

ಮಧ್ಯಾಹ್ನ ಊಟ ಮುಗಿದ ಮೇಲೆ ನಾಲ್ಕನೆಯ ಪೊಟ್ಟಣ ಬಿಚ್ಚಲು ಹೇಳಿದೆ. ಪಡಸಾಲೆಯ ತುಂಬ ಕಾಗದದ ಸದ್ದು. ಎಲ್ಲರ ತೊಡೆಯ ಮೇಲೂ ಹಳದಿ ಕಂಡಿತು. "ಅಯ್ಯ, ಎಷ್ಟ ಚಂದ ಐತಿ ನೋಡ" ಎಂದು ಯಾರೋ ಅಂದರು.

ತುರ್ವಿಹಾಳದವಳು ತನ್ನ ಕೈಯಲ್ಲಿದ್ದ ತುಂಡನ್ನು ನೋಡಿದಳು. ಹೆಬ್ಬೆರಳಿನಿಂದ ಆ ಮಾಸಿದ ಗೆರೆಯನ್ನು ಸವರಿದಳು. ಆಮೇಲೆ ತಲೆ ಎತ್ತಿ ಒಬ್ಬೊಬ್ಬರ ತೊಡೆಯನ್ನೂ ನೋಡುತ್ತ ಹೋದಳು. ಕೂಗಲಿಲ್ಲ, ಅಳಲಿಲ್ಲ. "ಇದು ನನ್ ಮಗಳ ಲಂಗ" ಎಂದಳು.

ಲಿಂಗಸುಗೂರಿನವಳು ನಕ್ಕಳು. "ಮಗಳದಾ? ಆಕಿನ್ನೂ ಕರಕೊಂಡು ಬರಬೇಕಿತ್ತಲ್ಲ ಮತ್ತ, ಹೊಲಿಗಿ ಕಲೀತಿದ್ಲು."

"ಆಕಿ ಇಲ್ರಿ. ತೀರಿಹೋಗ್ಯಾಳ. ಜ್ವರ ಬಂದು."

ಲಿಂಗಸುಗೂರಿನವಳು ಕೌದಿಯ ಮೇಲಿದ್ದ ಕೈಯನ್ನು ಬಿಸಿ ತಾಗಿದಂತೆ ಎತ್ತಿಕೊಂಡಳು. ಅವಳು ತಾಳ್ಮೆಯಿಲ್ಲದೆ ಬೆಳಗ್ಗೆಯೇ ನಾಲ್ಕನೆಯ ಪೊಟ್ಟಣ ಕದ್ದು ಬಿಚ್ಚಿ, ಹಳದಿ ತುಂಡುಗಳನ್ನು ಹೊಲಿದೂ ಬಿಟ್ಟಿದ್ದಳು. "ಅಕ್ಕಾರ, ಇದನ್ನ ಬಿಚ್ಚಿ ಕೊಡ್ರಿ. ನನ್ ಕೈಲೆ ಬಿಚ್ಚಂಗಿಲ್ಲ. ಹುಟ್ಟೋ ಕೂಸಿಗೆ ಸತ್ತೋರ ಅರಿವಿ ಹೊಚ್ಚಬೇಕೇನು? ಮೊದಲ ಹೇಳಾಕ ಏನಾಗಿತ್ತು?" ಎಂದು ನನ್ನ ಕಡೆಗೆ ದೂಡಿದಳು. ಅವಳ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. ಆದರೆ ತುರ್ವಿಹಾಳದವಳಿಗೆ ಕೇಳಿಸಿದ್ದು ಮಾತು ಮಾತ್ರ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಏನು ಮಾಡಬೇಕೋ ತೋಚದೆ ನಾನು ಹೊರಗೆ ಬಂದು ಅವಳ ಗಂಡನಿಗೆ ಫೋನ್ ಹಚ್ಚಿದೆ. ಹಿಂದೆ ಗಿರಣಿಯ ಸದ್ದು. ವಿಷಯ ಹೇಳಿದೆ. ಸ್ವಲ್ಪ ಹೊತ್ತಿಗೆ ಗಿರಣಿ ನಿಂತಿತು.

"ಅದನ್ನ ನಾನ ಹಾಕೀನ್ರಿ ಅಕ್ಕಾರ" ಎಂದ.

"ಗೊತ್ತಿದ್ದೂ ಹಾಕೀರೇನು?"

"ಹೂಂನ್ರಿ. ಎರಡು ವರ್ಷ ಆತು. ದಿನಾ ಮಧ್ಯಾಹ್ನ ಅದನ್ನ ತೊಡಿಮ್ಯಾಲ ಇಟ್ಕೊಂಡು ಕುಂದರ್ತಾಳ. ಊಟ ಇಲ್ಲ, ಮಾತಿಲ್ಲ. ನಾನೂ ಆಕಿ ತಂದಿನ ಅದೀನ್ರಿ. ಆ ಬಣ್ಣ ಕಂಡ್ರ ನನಗ ಉಸಿರು ಕಟ್ಟತೈತಿ. ಸುಡಾಕ ಮನಸಾಗಲಿಲ್ಲ. ಕೆನಾಲಿಗೆ ಬಿಡಾಕೂ ಆಗಲಿಲ್ಲ. ನಿಮ್ ಕೂಟದ ಸುದ್ದಿ ಕೇಳಿ, ನಾಕು ಮಂದಿ ಮೈಮ್ಯಾಲ ಬೆಚ್ಚಗ ಇರ್ಲಿ ಅಂತ ಹಾಕಿದೆ." ಒಂದು ಕ್ಷಣ ಬಿಟ್ಟು, "ಆಕಿಗೆ ಹೇಳಬ್ಯಾಡ್ರಿ. ಗಲತಿಲೆ ಬಂದೈತಿ ಅಂತ ಹೇಳ್ರಿ" ಎಂದ.

ನಾನು ಹೂಂ ಅಂದೆ. ಆ ಹೂಂ ಅಷ್ಟು ಸುಲಭವಾಗಿ ಯಾಕೆ ಬಂತೋ ಗೊತ್ತಿಲ್ಲ. ಒಳಗೆ ಹೋಗಿ ಅವಳ ಪಕ್ಕ ಕೂತು, "ಅವಸರದಾಗ ಬ್ಯಾರೆ ಬಟ್ಟಿ ಜೊತಿ ಬಂದುಬಿಟ್ಟೈತಂತವ್ವಾ. ಅವರಿಗೂ ಭಾಳ ಕೆಟ್ಟ ಅನಸೈತಿ" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಬ್ಯಾರೆ ಬಟ್ಟಿ ಜೊತಿ ಹ್ಯಾಂಗ ಬರತೈತ್ರಿ? ಅದು ಟ್ರಂಕಿನ್ಯಾಗ ಇತ್ತು. ಕೀಲಿ ಹಾಕಿತ್ತು. ಕೀಲಿ ಎಲ್ಲಿರತೈತಿ ಅಂತ ನಮ್ಮಿಬ್ಬರಿಗೇ ಗೊತ್ತು."

ಯಾರೂ ಹೇಳದೆಯೇ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಂದು ತಮ್ಮ ಹಳದಿ ತುಂಡುಗಳನ್ನು ಅವಳ ಮಡಿಲಿಗೆ ಹಾಕಿದರು. ಕೆಲವರು ಕಣ್ಣೊರೆಸಿಕೊಂಡರು, ಇಬ್ಬರು ಮೂವರು ಬೇಗ ಹಾಕಿ ಬೇಗ ಸರಿದರು. ಲಿಂಗಸುಗೂರಿನವಳ ಹೊಲಿಗೆಯನ್ನು ನಾನೇ ಬಿಚ್ಚಿದೆ. ಕಸದ ಚೀಲ ಸುರಿದು, ಅಂಚಿನ ಚೂರುಗಳನ್ನೂ ಲಾಡಿ ಇನ್ನೂ ಒಳಗಿದ್ದ ಸೊಂಟಪಟ್ಟಿಯನ್ನೂ ಹುಡುಕಿ ತಂದೆ. ಎಲ್ಲ ಮಡಿಲಲ್ಲಿ ಸೇರಿದ ಮೇಲೆ ಅವಳು ಮೆಲ್ಲಗೆ ಕೇಳಿದಳು:

"ಅಕ್ಕಾರ, ನೀವು ಟೇಲರ್ ಅದೀರಲ್ರಿ. ಮತ್ತ ಲಂಗ ಮಾಡಿ ಕೊಡಾಕ ಬರತೈತೇನ್ರಿ?"

ಬರುವುದಿಲ್ಲ ಅನ್ನಬೇಕಿತ್ತು. ಕತ್ತರಿಸಿದ ಬಟ್ಟೆ ಎಷ್ಟು ಉಳಿಯುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಮಾಡುತ್ತೇನೆ ಅಂದೆ. ಮರುದಿನ ಬೆಳಗ್ಗೆ, ಅಂಚು ಹೊಲಿಯಲೆಂದು ತಂದಿದ್ದ ಮಷಿನ್ನಿನ ಮುಂದೆ ಕೂತೆ. ಅವಳು ಎದುರಿಗೆ ಕೂತು ತುಂಡು ಎತ್ತಿ ಎತ್ತಿ ಕೊಟ್ಟಳು. ಯಾವುದರ ಪಕ್ಕ ಯಾವುದು ಎಂಬುದು ಅವಳಿಗೆ ಗೊತ್ತಿತ್ತು, ಗಿಳಿಯ ಸಾಲು ನೋಡಿ ಹೇಳುತ್ತಿದ್ದಳು. ಒಂದೊಂದು ಜೋಡಣೆಯೂ ಒಂದಷ್ಟು ಬಟ್ಟೆ ತಿನ್ನುತ್ತ ಹೋಯಿತು. ಕೆಲವು ಗಿಳಿಗಳ ತಲೆ ಹೊಲಿಗೆಯೊಳಗೆ ಹೋಯಿತು. ಹತ್ತು ಗಂಟೆಯ ಹೊತ್ತಿಗೆ ಲಂಗವಾಯಿತು. ಐದಾರು ವರ್ಷದ ಹುಡುಗಿಗೆ ಆಗುವಷ್ಟು.

ಅವಳ ಮಗಳು ಪಿಯುಸಿ ಓದುತ್ತಿದ್ದಳಂತೆ.

ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿ ನೋಡಿದಳು. ನಾನು ಬಯ್ಯುತ್ತಾಳೆಂದು ಕಾದೆ. ಬಯ್ಯಲಿಲ್ಲ. ಮಡಿಸಿ, ಟವಲಿನಲ್ಲಿ ಸುತ್ತಿಟ್ಟುಕೊಂಡಳು. ಆ ಸಲ ಹೂವು ಯಾರದೂ ಮುಗಿಯಲಿಲ್ಲ. ಮಧ್ಯಾಹ್ನದೊಳಗೆ ಅರ್ಧ ಜನ ಬಸ್ಸು ಹಿಡಿದಿದ್ದರು. ಲಿಂಗಸುಗೂರಿನವಳು ಹೊರಡುವಾಗ ಅವಳ ಹತ್ತಿರ ಬಂದು ನಿಂತಳು. "ತಂಗೀ, ಹೆದರಿಕಿಲೆ ಅಂದೆ. ಮನಸಿಗೆ ಹಚ್ಕೋಬ್ಯಾಡ" ಎಂದಳು. ಇವಳು ತಲೆಯಾಡಿಸಿದಳು, ಮುಖ ಎತ್ತಲಿಲ್ಲ. ಸಂಜೆಯೊಳಗೆ ಗಂಡ ಬಂದ. ಅವನು ಮುಂದೆ, ಅವಳು ಹತ್ತು ಹೆಜ್ಜೆ ಹಿಂದೆ ನಡೆದು ಹೋದರು.

ಆಮೇಲೆ ನನಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಅವಳು ಮನೆಗೆ ಹೋಗಿ ಏನು ಮಾಡಿಕೊಂಡಳೋ ಎಂಬ ಹೆದರಿಕೆ. ಎರಡು ಸಲ ಫೋನ್ ಮಾಡಿದೆ. ಎರಡೂ ಸಲ ಗಂಡನೇ ಎತ್ತಿ, "ಅದಾಳ್ರಿ, ಆರಾಮ ಅದಾಳ" ಅಂದ. ನಂಬಿಕೆ ಬರಲಿಲ್ಲ. ತಿಂಗಳೊಪ್ಪತ್ತು ಬಿಟ್ಟು ಒಂದು ಮಂಗಳವಾರ ತುರ್ವಿಹಾಳದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಗದ್ದೆಗಳಲ್ಲಿ ನಾಟಿ ನಡೆದಿತ್ತು.

ಗಂಡ ಗಿರಣಿಯಲ್ಲಿದ್ದ. ಹುಬ್ಬಿನ ಮೇಲೆಲ್ಲ ಹಿಟ್ಟು. ನನ್ನನ್ನು ಕಂಡು ಎದ್ದು ನಿಂತ. "ಮಾತಾಡ್ತಾಳ್ರಿ. ಊಟಕ್ಕ ನೀಡ್ತಾಳ. ಆದ್ರ ಮೊದಲಿನಂಗ ಇಲ್ಲ" ಎಂದು ಕೆಳಗೆ ನೋಡುತ್ತ ಹೇಳಿದ. ಹಿಂದಿನ ಮನೆಗೆ ಹೋದೆ. ಅವಳು ಚಹಾ ಮಾಡಿ ಕೊಟ್ಟಳು. ಮನೆ ಗುಡಿಸಿ ಚೊಕ್ಕಟವಾಗಿತ್ತು. ಲಂಗದ ಸುದ್ದಿಯನ್ನು ನಾನು ತೆಗೆಯಲಿಲ್ಲ, ಅವಳೂ ತೆಗೆಯಲಿಲ್ಲ. ನಾನು ಕಪ್ಪು ಕೆಳಗಿಟ್ಟ ಮೇಲೆ ಅವಳು ಕೇಳಿದಳು:

"ಅವತ್ತು ಫೋನ್ ಮಾಡಿದಾಗ ಅವ್ರು ಏನಂದ್ರು? ಈಗರ ಖರೇ ಹೇಳ್ರಿ."

ಇನ್ನು ಮುಚ್ಚುವುದು ನನ್ನಿಂದಾಗಲಿಲ್ಲ. ಸುಡಲು ಮನಸ್ಸಾಗಲಿಲ್ಲ ಅಂದದ್ದು, ಆ ಬಣ್ಣ ಕಂಡರೆ ಉಸಿರು ಕಟ್ಟುತ್ತದೆ ಅಂದದ್ದು, ನಾಲ್ಕು ಮಂದಿಯ ಮೈಮೇಲೆ ಬೆಚ್ಚಗಿರಲಿ ಅಂದದ್ದು, ಎಲ್ಲವನ್ನೂ ಅವನ ಮಾತಿನಲ್ಲೇ ಹೇಳಿದೆ. ಸುಳ್ಳು ಹೇಳಿದ್ದಕ್ಕೆ ಮಾಫ್ ಮಾಡು ಎಂದೂ ಕೇಳಿದೆ.

ಪಕ್ಕದಲ್ಲಿ ಗಿರಣಿ ಓಡುತ್ತಿತ್ತು. ಗೋಡೆ ಸಣ್ಣಗೆ ನಡುಗುತ್ತಿತ್ತು.

"ನಾಕು ಮಂದಿ ಮೈಮ್ಯಾಲ ಅಂದ್ರಾ" ಎಂದಳು. ಆಮೇಲೆ, "ನನ್ನ ಕೇಳಬೇಕಿತ್ತಲ್ರಿ."

"ಕೇಳಿದ್ರ ನೀ ಕೊಡ್ತಿದ್ದೇನವ್ವಾ?"

"ಇಲ್ಲ. ಕೊಡ್ತಿದ್ದಿಲ್ಲ. ಆದ್ರೂ ಕೇಳಬೇಕಿತ್ತು."

ಆ ಮಾತು ಗಂಡನೊಬ್ಬನಿಗೇ ಹೇಳಿದ್ದಲ್ಲ ಎಂಬುದು ನನಗೆ ತಿಳಿಯಿತು. ಮಸ್ಕಿಯ ಕೂಟ ಈಗಲೂ ನಡೆಸುತ್ತೇನೆ. ಚಿತ್ರವನ್ನು ಮೊದಲ ದಿನವೇ ಗೋಡೆಗೆ ಹಚ್ಚುತ್ತೇನೆ. ತಂದ ಒಂದೊಂದು ಬಟ್ಟೆಯನ್ನೂ ತಂದವರ ಎದುರಿಗೇ ಎತ್ತಿ ಹಿಡಿದು, ಇದನ್ನು ಕತ್ತರಿಸಲೇನು ಎಂದು ಕೇಳುತ್ತೇನೆ. ಗುಟ್ಟಿದ್ದಾಗಿನ ಮಜಾ ಇಲ್ಲ ಎಂದು ಹಳಬರು ಗೊಣಗುತ್ತಾರೆ. ತುರ್ವಿಹಾಳದವಳು ಮತ್ತೆ ಬಂದಿಲ್ಲ. ಪ್ರತಿ ಸಲವೂ ನಾನೇ ಫೋನ್ ಮಾಡಿ ಕರೆಯುತ್ತೇನೆ. "ನೋಡ್ತೀನ್ರಿ ಅಕ್ಕಾರ" ಅನ್ನುತ್ತಾಳೆ.